ಮನೆಯ ಕಷ್ಟದ ದಿನಗಳಲ್ಲಿ ಗೆಳತಿಯರ ಪ್ರಾರ್ಥನಾ ಕೂಟ: ಶುರು ಮಾಡೋದು ಹೇಗೆ, ಉಳಿಸಿಕೊಳ್ಳೋದು ಹೇಗೆ

"ಅಕ್ಕ, ಮನೇಲಿ ತುಂಬಾ ಕಷ್ಟ. ಬೈಬಲ್ ತೆಗೆದರೆ ಅಕ್ಷರ ತಲೆಗೆ ಹೋಗಲ್ಲ. ಮೊಣಕಾಲೂರಿದರೆ ಮಾತು ಬರಲ್ಲ. ನಿಮ್ಮ ಹಾಗೆ ನನಗೂ ನಾಲ್ಕು ಜನ ಇದ್ದಿದ್ದರೆ ಚೆನ್ನಾಗಿತ್ತು. ಹೇಗೆ ಶುರು ಮಾಡೋದು?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಕಷ್ಟ ಬೇರೆ ಬೇರೆ. ಒಬ್ಬರಿಗೆ ಗಂಡನ ಕುಡಿತ, ಇನ್ನೊಬ್ಬರಿಗೆ ಅತ್ತೆಯ ಕಾಯಿಲೆ, ಮತ್ತೊಬ್ಬರಿಗೆ ಸಂಘದ ಸಾಲದ ಕಂತು. ಕೇಳುವ ಮಾತು ಮಾತ್ರ ಒಂದೇ. ನಾವು ಐದು ಜನ ಹೆಂಗಸರು ಕೋಲಾರದಲ್ಲಿ ಹನ್ನೊಂದು ವರ್ಷದಿಂದ ವಾರಕ್ಕೊಮ್ಮೆ ಕೂತು ಪ್ರಾರ್ಥನೆ ಮಾಡುತ್ತಿದ್ದೇವೆ. ನಾವು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ಒಮ್ಮೆ ಓದಿ. ಪಾರ್ಶ್ವವಾಯು ಬಂದ ಒಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜಾಗವಿಲ್ಲ ಅಂತ ಚಾವಣಿ ತೆಗೆದು ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸುಸ್ವಾಮಿ "ಅವರ ನಂಬಿಕೆ"ಯನ್ನು ನೋಡಿದರು ಅಂತ ಅಲ್ಲಿದೆ. ಅವನೊಬ್ಬನ ನಂಬಿಕೆ ಅಂತಿಲ್ಲ, ಹೊತ್ತವರನ್ನೂ ಸೇರಿಸಿ ಅವರ ನಂಬಿಕೆ ಅಂತಿದೆ. ನಾನು ಹೇಳುವ ಕೂಟ ಇಂಥದ್ದು. ಒಂದು ವಾರ ನೀವು ಮಲಗಿರುತ್ತೀರಿ, ಉಳಿದವರು ಹೊರುತ್ತಾರೆ. ಇನ್ನೊಂದು ವಾರ ನೀವು ಹೊರುತ್ತೀರಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಸತ್ಯವೇದ, ಒಂದು ನೋಟ್‌ಬುಕ್, ಕೂರೋಕೆ ಚಾಪೆ, ವಾರಕ್ಕೆ ಮುಕ್ಕಾಲು ಗಂಟೆ.

1. ಜೊತೆಯವರನ್ನು ಆರಿಸಿಕೊಳ್ಳಿ

ಮೂರರಿಂದ ಐದು ಜನ ಸಾಕು. ಆರು ದಾಟಿದರೆ ಎಲ್ಲರಿಗೂ ಮಾತಾಡೋಕೆ ಹೊತ್ತು ಸಿಗುವುದಿಲ್ಲ, ಅಳಬೇಕಾದವರು ಅಳದೇ ಎದ್ದು ಹೋಗುತ್ತಾರೆ. ಇಬ್ಬರೇ ಇದ್ದರೂ ಶುರು ಮಾಡಿ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದ ಕಡೆ ತಾನಿರುತ್ತೇನೆ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ (ಮತ್ತಾಯ 18:20).

ಚರ್ಚಿನಲ್ಲಿ ಎದ್ದು ನಿಂತು "ಯಾರು ಬರ್ತೀರಾ" ಅಂತ ಕೇಳಬೇಡಿ. ಒಬ್ಬೊಬ್ಬರನ್ನೇ ಕೇಳಿ. ಹೀಗೆ ಕೇಳಿದರೆ ಸಾಕು: "ವಾರಕ್ಕೊಮ್ಮೆ ನನ್ನ ಜೊತೆ ಕೂತು ಪ್ರಾರ್ಥನೆ ಮಾಡ್ತೀರಾ? ಆರು ವಾರ ನೋಡೋಣ. ಆಮೇಲೆ ಬೇಡ ಅನಿಸಿದರೆ ಬಿಟ್ಟುಬಿಡಿ, ನನಗೆ ಬೇಜಾರಿಲ್ಲ." ಆರು ವಾರ ಅಂತ ಹೇಳುವುದು ಮುಖ್ಯ. ಕೊನೆಯೇ ಇಲ್ಲದ ಕೆಲಸಕ್ಕೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ.

ಒಬ್ಬರಾದರೂ ವಯಸ್ಸಾದವರು ಇರಲಿ. ಮರಿಯಳು ಕಷ್ಟದ ಹೊತ್ತಿನಲ್ಲಿ ಹೋಗಿದ್ದು ತನಗಿಂತ ತುಂಬಾ ಹಿರಿಯಳಾದ ಎಲಿಸಬೇತಳ ಮನೆಗೆ. ಅಲ್ಲಿ ಸುಮಾರು ಮೂರು ತಿಂಗಳು ಇದ್ದಳು (ಲೂಕ 1:56). ಕಷ್ಟ ದಾಟಿ ಬಂದವರ ಪಕ್ಕದಲ್ಲಿ ಕೂತರೆ ಅರ್ಧ ಭಯ ಹಾಗೇ ಇಳಿಯುತ್ತದೆ.

ಎಚ್ಚರ: ಒಂದೇ ಮನೆಯ ವಾರಗಿತ್ತಿಯರನ್ನು, ಅತ್ತಿಗೆ ನಾದಿನಿಯರನ್ನು ಒಂದೇ ಕೂಟದಲ್ಲಿ ಕೂರಿಸಬೇಡಿ. ಇಬ್ಬರೂ ಒಳ್ಳೆಯವರೇ ಇರಬಹುದು. ಆದರೆ ಗಂಡನ ಮನೆಯ ಮಾತು ಆಡಬೇಕಾದಾಗ ಇಬ್ಬರ ಬಾಯಿಯೂ ಕಟ್ಟಿಹೋಗುತ್ತದೆ. ನಿಮ್ಮ ಹತ್ತಿರ ಚೀಟಿ ಹಾಕಿದವರು, ನಿಮಗೆ ಸಾಲ ಕೊಟ್ಟವರು ಕೂಡ ಬೇಡ.

ಬೇರೆ ಬೇರೆ ಚರ್ಚಿನವರು ಸೇರಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಸೇರಬಹುದು. ನಮ್ಮಲ್ಲಿ ಮೆಥಡಿಸ್ಟ್ ಸಭೆಯವರಿದ್ದಾರೆ, ಸಿಎಸ್‌ಐನವರಿದ್ದಾರೆ, ಒಬ್ಬರು ಕಥೋಲಿಕರು. ಒಬ್ಬರ ಕೈಯಲ್ಲಿ ಜಪಸರ ಇರುತ್ತದೆ, ಇನ್ನೊಬ್ಬರು ಕಣ್ಣು ಮುಚ್ಚಿ ಜೋರಾಗಿ ಸ್ತೋತ್ರ ಹೇಳುತ್ತಾರೆ. ಚರ್ಚುಗಳ ನಡುವಿನ ಚರ್ಚೆಯನ್ನು ಮಾತ್ರ ಕೂಟಕ್ಕೆ ತರಬೇಡಿ. ನಿಮ್ಮ ಸಭಾಪಾಲಕರಿಗೋ ಫಾದರ್‌ಗೋ ಹೀಗೆ ಸೇರುತ್ತಿದ್ದೇವೆ ಅಂತ ಮೊದಲೇ ಒಂದು ಮಾತು ಹೇಳಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು.

2. ದಿನ, ಹೊತ್ತು, ಜಾಗ ಗೊತ್ತು ಮಾಡಿ

ನಿಮ್ಮ ಊರಿನ ಕೆಲಸದ ಲಯ ನೋಡಿ ಹೊತ್ತು ಇಡಿ. ಹಸು ಇರುವ ಮನೆಯವರಿಗೆ ಡೈರಿಗೆ ಹಾಲು ಹಾಕುವ ಹೊತ್ತು ಬೆಳಗ್ಗೆಯೂ ಸಂಜೆಯೂ ಇರುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ಹಾಗೆ ಅನ್ನುತ್ತಾರೆ) ಎದ್ದ ಮೇಲೆ ಸೊಪ್ಪು ಹಾಕೋಕೇ ದಿನ ಸಾಲದು. ಆ ವಾರ ಕೂಟಕ್ಕೆ ರಜೆ ಕೊಡಿ. ನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವವರಿಗೆ ಶಿಫ್ಟ್ ಬದಲಾಗುತ್ತದೆ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ದುಡಿಯುವವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಅಲ್ಲಿನ ಹೆಂಗಸರಿಗೆ ಸಂಜೆ ಕೂಟ ಆಗುವುದಿಲ್ಲ, ಬೆಳಗ್ಗೆ ಹನ್ನೊಂದು ಗಂಟೆ ಒಳ್ಳೆಯದು.

ಮುಕ್ಕಾಲು ಗಂಟೆಗೆ ಮುಗಿಸಿ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಹೇಳಿದ ಹೊತ್ತಿಗೆ ಮುಗಿಯುತ್ತದೆ ಅಂತ ಮನೆಯವರಿಗೆ ನಂಬಿಕೆ ಬಂದರೆ ಮುಂದಿನ ವಾರ ಕಳಿಸೋಕೆ ತಕರಾರು ಮಾಡುವುದಿಲ್ಲ. ಕೂಟಗಳು ನಿಂತುಹೋಗುವುದು ಹೆಚ್ಚಾಗಿ ಭಕ್ತಿ ಕಡಿಮೆಯಾಗಿ ಅಲ್ಲ, ಹೊತ್ತು ಮೀರಿ.

ತಿಂಡಿ ಮಾಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಒಬ್ಬರು ಕೇಸರಿಬಾತ್ ಮಾಡಿದರೆ ಮುಂದಿನವರು ವಡೆ ಮಾಡಬೇಕು ಅನಿಸುತ್ತದೆ. ಅದರ ಮುಂದಿನ ವಾರ ಕೈಯಲ್ಲಿ ದುಡ್ಡಿಲ್ಲದವರು ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ನೀರು ಸಾಕು, ತೀರಾ ಅಂದರೆ ಟೀ.

ಎಲ್ಲರ ಮನೆಯಲ್ಲೂ ಕೂರೋಕೆ ಆಗಲೇಬೇಕು ಅಂತಿಲ್ಲ. ಕೆಲವರ ಗಂಡನಿಗೆ ಇಷ್ಟವಿಲ್ಲ, ಕೆಲವರ ಮನೆಯಲ್ಲಿ ಬೇರೆ ಧರ್ಮದವರಿದ್ದಾರೆ. ಅಂಥವರ ಮನೆಗೆ ಹೋಗಿ ಕೂತು ಅವರಿಗೆ ಇನ್ನೊಂದು ಕಷ್ಟ ತರಬೇಡಿ. ಚರ್ಚಿನ ಪಕ್ಕದ ಕೋಣೆ ಕೇಳಿ. ಮನೆಯಲ್ಲಿ ಸೇರಿದರೆ ದನಿ ಮನೆಯೊಳಗೇ ಇರಲಿ, ಅಕ್ಕಪಕ್ಕದವರಿಗೂ ಅದೇ ಮರ್ಯಾದೆ. ಹೊರಗೆ ಬರೋಕೇ ಆಗದವರಿದ್ದರೆ ಫೋನಿನ ಕಾನ್ಫರೆನ್ಸ್ ಕಾಲ್ ಇದೆಯಲ್ಲ. ಅತ್ತೆಗೆ ಲಕ್ವ ಹೊಡೆದ ನಮ್ಮ ಗೆಳತಿಯೊಬ್ಬರು ಒಂದು ವರ್ಷ ಪೂರ್ತಿ ಹಾಗೇ ಸೇರಿದರು.

3. ಮೊದಲ ದಿನವೇ ಗುಟ್ಟು ಕಾಯುವ ಮಾತು ಕೊಡಿ

ಮೊದಲ ಕೂಟದಲ್ಲಿ ಹಾಡು, ವಾಕ್ಯಕ್ಕಿಂತ ಮೊದಲು ಇದನ್ನು ಮಾಡಿ. ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು: "ಇಲ್ಲಿ ಕೇಳಿದ್ದನ್ನು ನಾನು ಗಂಡನಿಗೂ ಹೇಳುವುದಿಲ್ಲ, ಅಕ್ಕತಂಗಿಯರಿಗೂ ಹೇಳುವುದಿಲ್ಲ, ಚರ್ಚಿನಲ್ಲೂ ಹೇಳುವುದಿಲ್ಲ."

ಗುಟ್ಟು ರಟ್ಟಾಗುವುದು ಕೆಟ್ಟ ಮನಸ್ಸಿನಿಂದಲೇ ಅಂತಿಲ್ಲ, ಪ್ರಾರ್ಥನೆಯ ಹೆಸರಿನಲ್ಲೇ ಆಗುತ್ತದೆ. ನಮ್ಮ ಎರಡನೇ ವರ್ಷದಲ್ಲಿ ಒಬ್ಬರು ಪ್ರೀತಿಯಿಂದಲೇ ದೊಡ್ಡ ಕೂಟವೊಂದರಲ್ಲಿ "ಆ ಸಹೋದರಿಯ ಮಗಳ ವಿಷಯಕ್ಕೆ ಪ್ರಾರ್ಥಿಸಿ" ಅಂದುಬಿಟ್ಟರು. ಸಂಜೆಯೊಳಗೆ ಆ ಹುಡುಗಿಯ ಅತ್ತೆ ಮನೆಗೆ ಸುದ್ದಿ ಮುಟ್ಟಿತ್ತು. ನಾವು ಮತ್ತೆ ಒಟ್ಟಿಗೆ ಕೂರೋಕೆ ನಾಲ್ಕು ತಿಂಗಳು ಬೇಕಾಯಿತು.

ಒಂದು ಸುಲಭದ ನಿಯಮ ಇಟ್ಟುಕೊಳ್ಳಿ. ಯಾರ ಕಷ್ಟವೋ ಅವರೇ ಹೊರಗೆ ಹೇಳಬೇಕು. ಉಳಿದವರು ದೇವರಿಗೆ ಮಾತ್ರ ಹೇಳಬೇಕು.

ವಾಟ್ಸಾಪ್ ಬಗ್ಗೆ: ಗ್ರೂಪ್ ಇರಲಿ, ಆದರೆ ಅದರಲ್ಲಿ ದಿನ, ಹೊತ್ತು, ವಾಕ್ಯ ಇಷ್ಟೇ. ಕಷ್ಟದ ವಿವರ ಬರೆಯಬೇಡಿ, ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಮನೆಯಲ್ಲಿ ಒಂದೇ ಫೋನ್ ಇರುತ್ತದೆ, ಮಕ್ಕಳು ನೋಡುತ್ತಾರೆ, ಗಂಡ ನೋಡುತ್ತಾರೆ. "ಇವತ್ತು ನನಗಾಗಿ ಪ್ರಾರ್ಥಿಸಿ" ಅಂದರೆ ಗೆಳತಿಯರಿಗೆ ಅರ್ಥವಾಗುತ್ತದೆ.

4. ಕೂತಾಗ ಹೀಗೆ ನಡೆಸಿ

ಮೊದಲು ಒಂದು ಕೀರ್ತನೆ ಓದಿ. ಓದಿದ ಮೇಲೆ ಒಂದೆರಡು ನಿಮಿಷ ಸುಮ್ಮನಿರಿ. ಬೋಧನೆ ಬೇಡ, ಅದು ಭಾನುವಾರ ಸಿಗುತ್ತದೆ. ನಂತರ ಪ್ರತಿಯೊಬ್ಬರೂ ನಾಲ್ಕೈದು ನಿಮಿಷ ತಮ್ಮ ವಾರ ಹೇಗಿತ್ತು ಅಂತ ಹೇಳಲಿ. ಮಧ್ಯೆ ಯಾರೂ ಬಾಯಿ ಹಾಕಬಾರದು. ಹೇಳೋಕೆ ಏನೂ ಇಲ್ಲದವರು "ಮುಂದೆ" ಅನ್ನಬಹುದು, ಅದಕ್ಕೂ ಒತ್ತಾಯ ಬೇಡ.

ಆಮೇಲೆ ವಿಜ್ಞಾಪನೆ. ಹೊಸಬರಿಗಾಗಿ ಹೇಳುತ್ತೇನೆ: ವಿಜ್ಞಾಪನೆ ಪ್ರಾರ್ಥನೆ ಅಂದರೆ ಇನ್ನೊಬ್ಬರ ಪರವಾಗಿ ದೇವರ ಹತ್ತಿರ ಕೇಳಿಕೊಳ್ಳುವುದು. ಪ್ರತಿಯೊಬ್ಬರೂ ತಮ್ಮ ಬಲಗಡೆ ಕೂತವರಿಗಾಗಿ, ಅವರ ಹೆಸರು ಹಿಡಿದು, ಅವರು ಈಗ ತಾನೇ ಹೇಳಿದ ಮಾತನ್ನೇ ಇಟ್ಟುಕೊಂಡು ಪ್ರಾರ್ಥಿಸಲಿ. ಉದ್ದ ಬೇಡ. ಮಾತು ಹೆಚ್ಚಾದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂದು ಮತ್ತಾಯ 6ರಲ್ಲೇ ಇದೆ. ತನ್ನ ಹೆಸರನ್ನು ಇನ್ನೊಬ್ಬಳ ಬಾಯಿಂದ ದೇವರ ಮುಂದೆ ಕೇಳಿಸಿಕೊಳ್ಳುವುದು ದೊಡ್ಡ ಧೈರ್ಯ. ಎಷ್ಟೋ ಹೆಂಗಸರಿಗೆ ಅದು ಜೀವನದಲ್ಲಿ ಮೊದಲ ಸಲ ಆಗಿರುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಮನೆಮಾತು ಕನ್ನಡ, ತೆಲುಗು, ತಮಿಳು ಎಲ್ಲ ಇದೆ. ಅವರವರು ಅವರವರ ಮಾತಿನಲ್ಲೇ ಪ್ರಾರ್ಥಿಸಲಿ. ಅಳು ಬರುವುದು ಅಮ್ಮನ ಮಾತಿನಲ್ಲೇ ಅಲ್ವಾ. ಕೊನೆಗೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳಿ ಎದ್ದೇಳಿ.

5. ಪ್ರಾರ್ಥನೆ ಬಾರದ ದಿನಗಳಿಗೆ

ನೀವು ಹೆಚ್ಚು ಕೇಳುವುದು ಇದನ್ನೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮಲ್ಲಿ ಅನೇಕರಿಗೆ ಪ್ರಾರ್ಥನೆ ಅಂದರೆ ಸ್ತೋತ್ರ, ಕೃತಜ್ಞತೆ ಅಂತಲೇ ಚಿಕ್ಕಂದಿನಿಂದ ಅಭ್ಯಾಸ. ಹಾಗಾಗಿ ಹೊಟ್ಟೆಯೊಳಗೆ ಬೆಂಕಿ ಇದ್ದಾಗ ಬಾಯಿ ತೆರೆಯೋಕೆ ಭಯ. ದೇವರ ಮೇಲೆ ಗೊಣಗಿದ ಪಾಪ ಬಂದೀತು ಅನಿಸುತ್ತದೆ. ಆದರೆ ಸತ್ಯವೇದದಲ್ಲಿ ಪ್ರಲಾಪ ಅಂತ ಒಂದು ಪ್ರಾರ್ಥನೆ ಇದೆ. ಪ್ರಲಾಪ ಅಂದರೆ ಇರುವ ದುಃಖವನ್ನು ಇದ್ದ ಹಾಗೆ ದೇವರ ಮುಂದೆ ತೋಡಿಕೊಳ್ಳುವುದು. ಅದೇ ಹೆಸರಿನ ಪುಸ್ತಕವೂ ಇದೆ, ಕೀರ್ತನೆಗಳಲ್ಲೂ ಬೇಕಾದಷ್ಟಿದೆ. 13ನೇ ಕೀರ್ತನೆ ಆರೇ ವಚನ. ಅದರ ಮೊದಲ ಎರಡು ವಚನಗಳಲ್ಲಿ, ಮೂಲ ಹೀಬ್ರೂ ಭಾಷೆಯಲ್ಲಿ, "ಇನ್ನೂ ಎಷ್ಟರ ತನಕ" ಅನ್ನುವ ಕೂಗು ನಾಲ್ಕು ಸಲ ಬರುತ್ತದೆ. 88ನೇ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಅದನ್ನೂ ದೇವರ ವಾಕ್ಯ ಅಂತಲೇ ಉಳಿಸಿಕೊಂಡಿದ್ದಾರೆ.

ಕೂಟದಲ್ಲಿ ಒಮ್ಮೆ ಹೀಗೆ ಮಾಡಿ ನೋಡಿ. ಎಲ್ಲರಿಗೂ ಒಂದೊಂದು ಹಾಳೆ ಕೊಡಿ. ಮೊದಲು ದೇವರನ್ನು ಕರೆಯಿರಿ. ನಂತರ ಆಗಿದ್ದನ್ನು ಹೇಳಿ. ನಂತರ ಏನು ಬೇಕು ಅಂತ ಕೇಳಿ. ಕೊನೆಗೆ ದೇವರು ಹಿಂದೆ ಮಾಡಿದ ಯಾವುದಾದರೂ ಉಪಕಾರ ನೆನಪಿಗೆ ಬಂದರೆ ಬರೆಯಿರಿ. ಬಾರದಿದ್ದರೆ ಆ ಸಾಲು ಖಾಲಿ ಬಿಡಿ. ಹೀಗಿರಬಹುದು:

"ತಂದೆಯೇ, ಮಗ ನನ್ನ ಹತ್ತಿರ ಮಾತಾಡಿ ಮೂರು ತಿಂಗಳಾಯಿತು. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಾನೆ. ನನಗೆ ಸಾಕಾಗಿದೆ. ಅವನು ಒಂದು ಸಲ ಅಮ್ಮ ಅನ್ನಲಿ. ಚಿಕ್ಕವನಿದ್ದಾಗ ಜ್ವರದಲ್ಲಿ ಅವನನ್ನು ಉಳಿಸಿಕೊಟ್ಟೆ, ಅದು ನೆನಪಿದೆ."

ಇದನ್ನು ಓದಿ ಹೇಳಬೇಕು ಅಂತಿಲ್ಲ. ಮಡಚಿ ಬೈಬಲಿನೊಳಗೆ ಇಟ್ಟುಕೊಳ್ಳಬಹುದು.

ಅಷ್ಟೂ ಆಗದ ದಿನ ಬರುತ್ತದೆ. ಆ ದಿನವೂ ಕೂಟಕ್ಕೆ ಬನ್ನಿ, ಸುಮ್ನೆ ಕೂರಿ. ಯುದ್ಧದ ದಿನ ಎತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಆರೋನ, ಹೂರ ಇಬ್ಬರೂ ಆಚೆ ಈಚೆ ನಿಂತು ಕೈ ಎತ್ತಿ ಹಿಡಿದರು (ವಿಮೋಚನಕಾಂಡ 17). ಸೋತದ್ದಕ್ಕೆ ಯಾರೂ ಬೈಯಲಿಲ್ಲ, ಕೂರೋಕೆ ಕಲ್ಲು ತಂದಿಟ್ಟರು. ಗೆಳತಿಯರು ನಿಮ್ಮ ಬದಲಾಗಿ ಪ್ರಾರ್ಥಿಸುತ್ತಾರೆ. ಕೊನೆಗೆ ಆಮೆನ್ ಅನ್ನೋಕೂ ಆಗದಿದ್ದರೆ ಬಿಡಿ. ಮಾತಿಲ್ಲದ ನರಳಾಟವನ್ನೂ ಆತ್ಮನು ದೇವರಿಗೆ ಮುಟ್ಟಿಸುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ.

ಕೇಳಿಸಿಕೊಳ್ಳುವವರಿಗೆ ಎಚ್ಚರ: "ದೇವರ ಚಿತ್ತ", "ನಿಮ್ಮ ನಂಬಿಕೆ ಸಾಲದು", "ಏನೋ ಒಂದು ಪಾಪ ಇರಬೇಕು", "ಇದೇನು ಮಹಾ, ನನಗೆ ಇದಕ್ಕಿಂತ ಆಗಿತ್ತು" — ಈ ನಾಲ್ಕು ಮಾತು ನಿಮ್ಮ ಕೂಟದಲ್ಲಿ ಬರಬಾರದು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗಿತ್ತು. ಕಾರಣ ಹೇಳೋಕೆ ಶುರು ಮಾಡಿದ ಮೇಲೆ ಅವನ ನೋವು ಇಮ್ಮಡಿಯಾಯಿತು. ಹನ್ನಳು ದೇವಾಲಯದಲ್ಲಿ ತುಟಿ ಅಲ್ಲಾಡಿಸುತ್ತಾ ಅಳುವಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ನೋವಿನಲ್ಲಿರುವ ಹೆಂಗಸನ್ನು ದೇವರ ಮನೆಯಲ್ಲೇ ತಪ್ಪು ತಿಳಿಯುವುದು ಅಷ್ಟು ಸುಲಭ. ಏನು ಹೇಳಬೇಕು ಗೊತ್ತಾಗದಿದ್ದರೆ ಕೈ ಹಿಡಿದುಕೊಂಡು ಇಷ್ಟು ಕೇಳಿ: "ಇವತ್ತು ರಾತ್ರಿ ನಿಮ್ಮ ಜೊತೆ ಯಾರಿರ್ತಾರೆ?"

6. ಕೈಯಿಂದ ಆಗುವುದನ್ನು ಮಾಡಿ

"ಏನಾದರೂ ಬೇಕಾದರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ನೀವೇ ಒಂದು ಕೆಲಸ ಹೆಸರಿಸಿ. ಕಿದ್ವಾಯಿಗೋ ನಿಮ್ಹಾನ್ಸ್‌ಗೋ ತೋರಿಸೋಕೆ ಬೆಂಗಳೂರಿಗೆ ಹೊರಟವರು ಕತ್ತಲಲ್ಲೇ ಮನೆ ಬಿಡಬೇಕು. "ಮಂಗಳವಾರ ನಿಮ್ಮ ಮಕ್ಕಳಿಗೆ ಡಬ್ಬಿ ನಾನು ಕಟ್ಟುತ್ತೇನೆ", "ಸಂಜೆ ಹಾಲು ನಾನು ಕರೆದು ಡೈರಿಗೆ ಹಾಕುತ್ತೇನೆ" ಅನ್ನಿ. ಸಾವಿನ ಮನೆಗೆ ಮೊದಲ ಮೂರು ದಿನ ಎಲ್ಲರೂ ಅನ್ನ ತರುತ್ತಾರೆ. ನೀವು ಹದಿನೈದನೇ ದಿನ ಮುದ್ದೆ, ಸಾರು ತೆಗೆದುಕೊಂಡು ಹೋಗಿ.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಕೂಟದೊಳಗೆ ಸಾಲ ಬೇಡ, ಜಾಮೀನೂ ಬೇಡ. ಕೊಡಬೇಕು ಅನಿಸಿದರೆ ವಾಪಸ್ ಬರುವುದಿಲ್ಲ ಅಂತ ತಿಳಿದೇ ಕೊಡಿ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಒಬ್ಬರ ಭಾರ ಒಬ್ಬರು ಹೊರಿ ಅಂತಲೂ ಇದೆ, ಪ್ರತಿಯೊಬ್ಬರೂ ತಮ್ಮ ಹೊರೆ ತಾವು ಹೊರಬೇಕು ಅಂತಲೂ ಇದೆ. ಎರಡನ್ನೂ ಓದಿ.

7. ಪ್ರಾರ್ಥನೆಯ ಜೊತೆಗೆ ಬೇರೆ ಸಹಾಯ ಬೇಕಾದಾಗ

ಗಂಡ ಹೊಡೆಯುತ್ತಾನೆ ಅಂತ ಒಬ್ಬಳು ಹೇಳಿದರೆ "ತಾಳ್ಮೆಯಿಂದ ಪ್ರಾರ್ಥಿಸು, ಬದಲಾಗ್ತಾನೆ" ಅಂತ ಹೇಳಿ ಮನೆಗೆ ಕಳಿಸಬೇಡಿ. ದಯವಿಟ್ಟು ಕಳಿಸಬೇಡಿ. ಪ್ರಾರ್ಥಿಸಿ, ಜೊತೆಗೆ ದಾರಿಯನ್ನೂ ತೋರಿಸಿ. ಮಹಿಳಾ ಸಹಾಯವಾಣಿ 181. ಆ ಕ್ಷಣಕ್ಕೆ ಜೀವಕ್ಕೆ ಅಪಾಯವಿದ್ದರೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಪ್ರಕಾರ ಹೆಂಡತಿಗೆ ಆ ಮನೆಯಲ್ಲಿ ಇರುವ ಹಕ್ಕಿದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ತಾಲ್ಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಅಧಿಕಾರಿ, ಅವರ ಕಚೇರಿಯಲ್ಲಿ ದೂರು ಕೊಡಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ನಂಬರ್ 15100.

ಯಾರಾದರೂ "ನಾನಿದ್ದು ಏನು ಪ್ರಯೋಜನ" ಅನ್ನೋಕೆ ಶುರು ಮಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೆಚ್ಚಾಗುವುದಿಲ್ಲ, ಹೇಳಿಕೊಳ್ಳೋಕೆ ದಾರಿ ಸಿಗುತ್ತದೆ. ಒಬ್ಬರೇ ಇರೋಕೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಪಕ್ಕದಲ್ಲಿ ಕೂತೇ ಫೋನ್ ಮಾಡಿಸಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಕುಡಿತ ಬಿಡಿಸುವ ಸಲಹೆಗೆ 14446 ಇದೆ.

ಉಪವಾಸ ಪ್ರಾರ್ಥನೆ ಬಗ್ಗೆಯೂ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು. ಊಟದ ಬದಲು ಟಿವಿಯನ್ನೋ ಫೋನನ್ನೋ ಬಿಟ್ಟು ಪ್ರಾರ್ಥಿಸಿದರೂ ಅದು ಉಪವಾಸವೇ. "ಪ್ರಾರ್ಥನೆ ಆಯ್ತು, ಇನ್ನು ಮಾತ್ರೆ ಬೇಡ" ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ನಮ್ಮ ಕಡೆ ಮಿಷನ್ ಆಸ್ಪತ್ರೆಗಳನ್ನು ಕಟ್ಟಿದವರು ಪ್ರಾರ್ಥನೆಯನ್ನೂ ಔಷಧಿಯನ್ನೂ ಒಂದೇ ಛಾವಣಿಯಡಿ ಇಟ್ಟಿದ್ದರು.

8. ನೋಟ್‌ಬುಕ್ ಮತ್ತು ಬಾರದೇ ಇರುವವರು

ಪುಸ್ತಕದಲ್ಲಿ ದಿನಾಂಕ, ಹೆಸರಿನ ಮೊದಲ ಅಕ್ಷರ, ಒಂದು ಸಾಲಿನ ವಿಜ್ಞಾಪನೆ ಬರೆಯಿರಿ. ಪಕ್ಕದಲ್ಲಿ ಜಾಗ ಬಿಡಿ. ಮೂರು ತಿಂಗಳಿಗೊಮ್ಮೆ ಹಿಂದಕ್ಕೆ ತಿರುಗಿಸಿ ಓದಿ. ಕೆಲವಕ್ಕೆ "ಆಯಿತು" ಅಂತ ಬರೆಯುತ್ತೀರಿ. ಕೆಲವು ನಾವು ಕೇಳಿದ ಹಾಗೆ ಆಗಿರುವುದಿಲ್ಲ. ನಮ್ಮ ಪುಸ್ತಕದಲ್ಲಿ ಏಳು ವರ್ಷದಿಂದ ಖಾಲಿ ಇರುವ ಸಾಲೊಂದಿದೆ. ಅದನ್ನು ಪ್ರತಿ ಸಲ ಹೊಸ ಪುಸ್ತಕಕ್ಕೆ ಇಳಿಸಿಕೊಂಡು ಬಂದಿದ್ದೇವೆ. ಖಾಲಿ ಇರುವುದನ್ನು ಮುಚ್ಚಿಟ್ಟು ಆದದ್ದನ್ನು ಮಾತ್ರ ಸಾಕ್ಷಿ ಹೇಳಬೇಡಿ. ಕಷ್ಟ ಇನ್ನೂ ಮುಗಿಯದವಳು ಪಕ್ಕದಲ್ಲೇ ಕೂತಿರುತ್ತಾಳೆ.

ವರ್ಷಕ್ಕೊಮ್ಮೆ ಹೊರಗಿನವರ ಜೊತೆಯೂ ಸೇರಿ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಹೆಂಗಸರೇ ಶುರು ಮಾಡಿದ್ದು. 1927ರಿಂದ ಬೇರೆ ಬೇರೆ ದೇಶಗಳಲ್ಲಿ ಒಂದೇ ದಿನ ನಡೆಯುತ್ತಿದೆ. ಪ್ರತಿ ವರ್ಷದ ಆರಾಧನೆಯ ಕ್ರಮವನ್ನು ಯಾವುದಾದರೊಂದು ದೇಶದ ಹೆಂಗಸರು ಬರೆದುಕೊಡುತ್ತಾರೆ. ಕೋಲಾರದಲ್ಲಿ ಕೂತು ಎಲ್ಲೋ ದೂರದ ಹೆಂಗಸರ ಕಷ್ಟ ಓದುವಾಗ ನಮ್ಮ ಅಡುಗೆಮನೆಯ ಮಾತೇ ಅನಿಸುತ್ತದೆ.

ಒಬ್ಬರು ಬರುವುದು ನಿಲ್ಲಿಸುತ್ತಾರೆ. ಎಲ್ಲ ಕೂಟದಲ್ಲೂ ಇದು ಆಗುತ್ತದೆ. ಎರಡು ವಾರ ಬಾರದಿದ್ದರೆ ಒಬ್ಬರು ಮಾತ್ರ ಮನೆಗೆ ಹೋಗಿ, ಎಲ್ಲರೂ ಒಟ್ಟಿಗೆ ಹೋಗಬೇಡಿ. "ಯಾಕೆ ಬರ್ಲಿಲ್ಲ" ಅಂತ ಕೇಳಬೇಡಿ. ಜೊತೆಗೆ ಕೂತು ಬೀನ್ಸ್ ಬಿಡಿಸಿ, ಟೀ ಕುಡಿದು ಬನ್ನಿ. ಅವರು ತಿಂಗಳುಗಟ್ಟಲೆ ಬಾರದಿದ್ದರೂ ಪುಸ್ತಕದಿಂದ ಹೆಸರು ಹೊಡೆದು ಹಾಕಬೇಡಿ. ಪ್ರತಿ ವಾರ ಬಲಗಡೆಯವರಿಗಾಗಿ ಪ್ರಾರ್ಥಿಸುವಾಗ ಅವರ ಚಾಪೆಯನ್ನೂ ಹಾಸಿ, ಆ ಜಾಗದ ಎಡಗಡೆ ಕೂತವರು ಅವರ ಹೆಸರನ್ನೂ ಹೇಳಲಿ.